ಕಚ್ಚಿದ ಗಾಯಕ್ಕೆ ಮೊದಲು ಸೋಪು ನೀರು, ಕೂಡಲೇ ಆಸ್ಪತ್ರೆ; ನೂಲು ಮತ್ತೆ

ನಮ್ಮ ಮಕ್ಕಳು ಮದ್ರಸಕ್ಕೆ ಹೊರಡುವ ಹೊತ್ತು ಬೆಳಗ್ಗೆ ಆರೂವರೆ, ಏಳು ಗಂಟೆ. ಮಳೆಗಾಲದಲ್ಲಿ ಆ ಹೊತ್ತಿಗೆ ಸರಿಯಾಗಿ ಬೆಳಕು ಸಹ ಬಿದ್ದಿರುವುದಿಲ್ಲ. ರಾತ್ರಿಯಿಡೀ ಕೋಳಿ ಅಂಗಡಿಯ ಹಿಂದೆ, ಮೀನು ಮಾರ್ಕೆಟಿನ ಬದಿಯಲ್ಲಿ ತಿರುಗಾಡಿದ ನಾಯಿಗಳು ರಸ್ತೆಯಲ್ಲಿ ಗುಂಪಾಗಿ ನಿಂತಿರುವ ಹೊತ್ತು ಸಹ ಅದೇ. ಕೈಯಲ್ಲಿ ಕಿತಾಬು, ತಲೆಯಲ್ಲಿ ಟೊಪ್ಪಿ ಹಾಕಿಕೊಂಡು ಬರುವ ಆರೇಳು ವರ್ಷದ ಮಗುವಿಗೆ ನಾಯಿ ಬೊಗಳಿದರೆ ಓಡುವುದೊಂದೇ ಗೊತ್ತು. ಓಡಿದರೆ ನಾಯಿ ಮತ್ತೂ ಅಟ್ಟಿಸಿಕೊಂಡು ಬರುತ್ತದೆ. ಮಗುವಿನ ಎತ್ತರಕ್ಕೆ ನಾಯಿಯ ಬಾಯಿ ಕೈಗೆ, ಎದೆಗೆ, ಕೆಲವು ಸಲ ಮುಖಕ್ಕೇ ಸಿಗುತ್ತದೆ.

ಬೀದಿನಾಯಿಗಳ ಬಗ್ಗೆ ಪೇಪರಿನಲ್ಲಿ, ಟಿವಿಯಲ್ಲಿ ಬೇಕಾದಷ್ಟು ಚರ್ಚೆ ಆಗುತ್ತಾ ಉಂಟು. ಆದರೆ ಕಚ್ಚಿದ ಮೇಲೆ ಮೊದಲ ಅರ್ಧ ಗಂಟೆಯಲ್ಲಿ ಮನೆಯಲ್ಲಿ ಏನು ಮಾಡಬೇಕು ಎಂದು ನಮ್ಮ ಮನೆಗಳಲ್ಲಿ ಎಷ್ಟು ಜನರಿಗೆ ಗೊತ್ತು? ಈ ಮಾತನ್ನು ಡಾಕ್ಟರ್‌ಗಳು ಹೇಳುತ್ತಲೇ ಇದ್ದಾರೆ. ಆದರೂ ಮದ್ರಸದಲ್ಲಿ ಕಲಿಸುವ ನಾವು ಅದನ್ನು ಹೇಳಲೇಬೇಕಾದ ಕಾರಣ ಒಂದಿದೆ. ನಾಯಿ ಕಚ್ಚಲಿ, ಹಾವು ಕಚ್ಚಲಿ, ನಮ್ಮ ಊರುಗಳಲ್ಲಿ ಹಲವರು ಮೊದಲು ಬರುವುದು ಪಳ್ಳಿಯ ಬಾಗಿಲಿಗೆ. "ಉಸ್ತಾದರೇ, ಒಂದು ನೂಲು ಮಂತ್ರಿಸಿ ಕೊಡಿ, ಸ್ವಲ್ಪ ನೀರು ಓದಿ ಕೊಡಿ" ಎಂದು ಕೇಳುತ್ತಾರೆ. ಜನ ನಮ್ಮ ಹತ್ತಿರ ಮೊದಲು ಬರುತ್ತಾರೆ ಎಂದಾದರೆ ಅವರನ್ನು ಆಸ್ಪತ್ರೆಗೆ ಅಟ್ಟುವ ಜವಾಬ್ದಾರಿ ಸಹ ಮೊದಲು ನಮ್ಮದೇ.

ರೇಬಿಸ್ ಎಂದರೆ ಏನು

ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಒಂದು ವೈರಸ್. ರೋಗ ಬಂದ ಪ್ರಾಣಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಕಚ್ಚಿದಾಗ, ಪರಚಿದಾಗ, ಗಾಯವನ್ನು ನೆಕ್ಕಿದಾಗ ಆ ಜೊಲ್ಲು ನಮ್ಮ ಮೈಯೊಳಗೆ ಹೋಗುತ್ತದೆ. ವೈರಸ್ ಗಾಯದ ಹತ್ತಿರದ ನರವನ್ನು ಹಿಡಿದು ನಿಧಾನಕ್ಕೆ ಮೆದುಳಿನ ಕಡೆ ಹೋಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದು ವಾರದೊಳಗೆ, ಅಪರೂಪಕ್ಕೆ ಒಂದು ವರ್ಷ ಕಳೆದ ಮೇಲೆ ಸಹ ರೋಗ ಕಾಣಿಸಿಕೊಂಡದ್ದಿದೆ. ಮುಖ, ತಲೆ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದರೆ ಅಪಾಯ ಹೆಚ್ಚು, ಅಲ್ಲಿ ನರಗಳು ಜಾಸ್ತಿ, ಮೆದುಳು ಹತ್ತಿರ.

ಮೆದುಳಿಗೆ ತಲುಪಿ ರೋಗದ ಲಕ್ಷಣ ಶುರುವಾಯಿತೆಂದರೆ, ನೀರು ಕಂಡರೆ ಗಂಟಲು ಹಿಡಿದುಕೊಳ್ಳುವುದು, ಗಾಳಿ ತಾಗಿದರೂ ಬೆಚ್ಚಿಬೀಳುವುದು ಶುರುವಾಯಿತೆಂದರೆ, ಮತ್ತೆ ಮದ್ದಿಲ್ಲ. ಎಂತಹ ದೊಡ್ಡ ಆಸ್ಪತ್ರೆಗೆ ಹೋದರೂ ಬದುಕುವುದು ಅಪರೂಪದಲ್ಲಿ ಅಪರೂಪ. ಆದರೆ ಅದಕ್ಕಿಂತ ಮೊದಲು, ವೈರಸ್ ದಾರಿಯಲ್ಲಿರುವಾಗಲೇ ಸರಿಯಾಗಿ ತೊಳೆದು, ಸರಿಯಾದ ಇಂಜೆಕ್ಷನ್ ಪೂರ್ತಿ ತೆಗೆದುಕೊಂಡರೆ ಈ ರೋಗವನ್ನು ತಡೆಯಬಹುದು. ಒಮ್ಮೆ ಬಂದರೆ ಸಾವು, ಬಾರದ ಹಾಗೆ ತಡೆಯಲು ಒಳ್ಳೆಯ ದಾರಿ. ಹೀಗೆ ಎರಡೂ ಇರುವ ರೋಗ ಬೇರೆ ಸಿಗುವುದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆ. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನಮ್ಮ ದೇಶದಲ್ಲೇ. ರೋಗದ ಸಂಶಯವಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರರಲ್ಲಿ ನಲವತ್ತು ಮಂದಿ 15 ವರ್ಷಕ್ಕಿಂತ ಕೆಳಗಿನ ಮಕ್ಕಳು. ಅಂದರೆ ಮದ್ರಸಕ್ಕೆ, ಶಾಲೆಗೆ ಹೋಗುವ ಪ್ರಾಯದವರು.

ಹದಿನೈದು ನಿಮಿಷದ ಕೆಲಸ

ನಾಯಿ, ಬೆಕ್ಕು, ಮಂಗ, ನರಿ, ಮುಂಗುಸಿ ಯಾವುದು ಕಚ್ಚಿದರೂ ಮೊದಲ ಕೆಲಸ ಒಂದೇ. ನಳ್ಳಿ ಬಿಟ್ಟು ಹರಿಯುವ ನೀರಿನಡಿ ಗಾಯವನ್ನು ಹಿಡಿದು, ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ನಳ್ಳಿ ಇಲ್ಲದಿದ್ದರೆ ಬಾಲ್ದಿಯಿಂದ ಚೊಂಬಿನಲ್ಲಿ ಹೊಯ್ಯುತ್ತಾ ಇರಬೇಕು. ಬಟ್ಟೆ ಒಗೆಯುವ ಸೋಪಾದರೂ ಆಗುತ್ತದೆ. ಹದಿನೈದು ನಿಮಿಷ ಎಂದರೆ ಗಡಿಯಾರ ನೋಡಿ ಹದಿನೈದು ನಿಮಿಷ; ಎರಡು ಸಲ ನೀರು ಹೊಯ್ದು ಟವೆಲಿನಲ್ಲಿ ಒರೆಸುವುದಲ್ಲ. ಈ ವೈರಸ್‌ನ ಹೊರಗೆ ಕೊಬ್ಬಿನ ಒಂದು ಪದರ ಇದೆ. ಸೋಪು ಅದನ್ನು ಒಡೆಯುತ್ತದೆ, ನೀರು ಜೊಲ್ಲನ್ನು ತೊಳೆದು ತೆಗೆಯುತ್ತದೆ. ಮತ್ತೆ ಮನೆಯಲ್ಲಿದ್ದರೆ ಅಯೋಡಿನ್ ಮದ್ದು ಹಚ್ಚಬಹುದು.

ಅರಿಶಿನ, ಮೆಣಸಿನ ಹುಡಿ, ಸುಣ್ಣ, ಕಾಫಿ ಹುಡಿ, ಸೀಮೆಎಣ್ಣೆ, ತೆಂಗಿನೆಣ್ಣೆ, ಸೊಪ್ಪಿನ ರಸ ಇದ್ಯಾವುದೂ ಬೇಡ. ಇವು ಗಾಯವನ್ನು ಉರಿಸಿ, ಕೆರಳಿಸಿ ವೈರಸ್ ಇನ್ನೂ ಒಳಗೆ ಹೋಗಲು ದಾರಿ ಮಾಡುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ. ಗಾಯಕ್ಕೆ ಹೊಲಿಗೆ ಹಾಕಬೇಕೋ, ಯಾವಾಗ ಹಾಕಬೇಕು ಎಂಬುದು ಡಾಕ್ಟರರ ತೀರ್ಮಾನ.

ಇಲ್ಲಿ ನಮ್ಮ ಮನೆಗಳಿಗೆ ಮಾತ್ರ ಸಂಬಂಧಿಸಿದ ಒಂದು ಮಸ್‌ಅಲ ಇದೆ. ನಾಯಿಯ ಜೊಲ್ಲು ನಜಸ್, ತಾಗಿದಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಿಂದ ಎಂದು ಶಾಫಿಈ ಮದ್‌ಹಬ್‌ನ ನಾವು ಮಕ್ಕಳಿಗೆ ಚಿಕ್ಕ ಕ್ಲಾಸಿನಲ್ಲೇ ಕಲಿಸುತ್ತೇವೆ. ಅದು ಸರಿ. ಆದರೆ ಕಚ್ಚಿದ ತೆರೆದ ಗಾಯಕ್ಕೆ ತೋಟದ ಮಣ್ಣು ಮೆತ್ತುವುದು ಅಪಾಯ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ನೀರು ತಾಗಿದರೆ ಹಾನಿ ಎಂದಾದವನಿಗೆ ವುಳೂ ಬಿಟ್ಟು ತಯಮ್ಮುಮ್ ಮಾಡಲು ಅವಕಾಶ ಕೊಟ್ಟ ದೀನ್ ನಮ್ಮದು. ಜೀವ ಉಳಿಸುವುದನ್ನು ಶರೀಅತ್ತಿನ ಮುಖ್ಯ ಉದ್ದೇಶಗಳಲ್ಲಿ ಒಂದಾಗಿ ಉಲಮಾಗಳು ಎಣಿಸಿದ್ದಾರೆ. ಆದ್ದರಿಂದ ಮೊದಲು ಸೋಪು ನೀರು, ಆಸ್ಪತ್ರೆ. ಗಾಯದ ಶುದ್ಧಿ ಹೇಗೆ, ನಮಾಝ್ ಹೇಗೆ ಎಂಬುದನ್ನು ಇಂಜೆಕ್ಷನ್ ಆದ ಮೇಲೆ ಉಸ್ತಾದರಲ್ಲಿ ಕೇಳಿ, ಹೇಳಿಕೊಡುತ್ತಾರೆ. ಬಟ್ಟೆಗೆ, ಪಾತ್ರೆಗೆ, ಗಾಯವಿಲ್ಲದ ಚರ್ಮಕ್ಕೆ ಕಲಿತ ಮಸ್‌ಅಲ ಹಾಗೆಯೇ ಇದೆ.

ಈ ನಜಸಿನ ಹೆದರಿಕೆಯಿಂದ ಇನ್ನೊಂದು ತೊಂದರೆ ಆಗುತ್ತದೆ. ನಾಯಿ ತಾಗಿತು ಎಂದು ಹೇಳಿದರೆ ಉಮ್ಮ ಬೈಯುತ್ತಾರೆ, ಏಳು ಸಲ ತೊಳೆಸುತ್ತಾರೆ, ಬಟ್ಟೆಯೆಲ್ಲಾ ಬಿಚ್ಚಿಸುತ್ತಾರೆ ಎಂದು ಮಗು ಸುಮ್ಮನಾಗಿಬಿಡುತ್ತದೆ. ಪರಚಿದ ಗಾಯ ಪ್ಯಾಂಟಿನೊಳಗೆ ಅಡಗಿರುತ್ತದೆ, ನಾಲ್ಕು ದಿನದಲ್ಲಿ ಒಣಗಿಯೂ ಹೋಗುತ್ತದೆ. ಉಮ್ಮಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ನಾಯಿ ತಾಗಿತು ಎಂದು ಮಗು ಬಂದು ಹೇಳಿದರೆ ಬೈಯಬೇಡಿ. ಹೇಳಿದ್ದಕ್ಕೆ ಭೇಷ್ ಎನ್ನಿ, ಮತ್ತೆ ತಲೆಯಿಂದ ಕಾಲಿನವರೆಗೆ ಮೈ ನೋಡಿ.

ಗಾಯವನ್ನು ಗುರುತಿಸುವುದು

ಆಸ್ಪತ್ರೆಗಳಲ್ಲಿ ಕಚ್ಚಿದ ಗಾಯವನ್ನು ಮೂರು ತರ ಮಾಡುತ್ತಾರೆ. ಪ್ರಾಣಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೆಯದು. ಇದಕ್ಕೆ ತೊಳೆದರೆ ಸಾಕು, ಇಂಜೆಕ್ಷನ್ ಬೇಡ. ಹಲ್ಲು ಸ್ವಲ್ಪ ತಾಗಿ ರಕ್ತ ಬಾರದ ಹಾಗೆ ತರಚಿದ್ದು, ಸಣ್ಣದಾಗಿ ಪರಚಿದ್ದು ಎರಡನೆಯದು. ಇದಕ್ಕೆ ತೊಳೆಯುವುದರ ಜೊತೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದದ್ದು, ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು ಮೂರನೆಯದು. ಇದಕ್ಕೆ ಲಸಿಕೆ ಮಾತ್ರ ಸಾಲದು. ಗಾಯದ ಒಳಗೆ, ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ ಸಹ ಬೇಕು.

ಈ ಎರಡನೇ ಇಂಜೆಕ್ಷನಿನ ವಿಷಯ ಹಲವರಿಗೆ ಗೊತ್ತೇ ಇಲ್ಲ. ಲಸಿಕೆ ಹಾಕಿದ ಕೂಡಲೇ ದೇಹದಲ್ಲಿ ರಕ್ಷಣೆ ಹುಟ್ಟುವುದಿಲ್ಲ, ಅದಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟು ದಿನ ಗಾಯದಲ್ಲೇ ವೈರಸನ್ನು ತಡೆದು ನಿಲ್ಲಿಸಲು ರೆಡಿಮೇಡ್ ರಕ್ಷಣೆ ಈ ಇಂಜೆಕ್ಷನ್. ಇದನ್ನು ಮೊದಲ ದಿನವೇ ಕೊಡಬೇಕು. ತಪ್ಪಿದರೆ ಮೊದಲ ಲಸಿಕೆಯಿಂದ ಏಳು ದಿನದ ಒಳಗೆ. ಮತ್ತೆ ಕೊಟ್ಟು ಪ್ರಯೋಜನವಿಲ್ಲ. ರಕ್ತ ಬಂದ ಗಾಯಕ್ಕೆ ತೋಳಿಗೆ ಲಸಿಕೆ ಮಾತ್ರ ಕೊಟ್ಟು ಕಳಿಸಿದರೆ "ಗಾಯಕ್ಕೆ ಕೊಡುವ ಇಂಜೆಕ್ಷನ್ ಬೇಡವಾ ಡಾಕ್ಟ್ರೇ?" ಎಂದು ಕೇಳಿ. ಅಲ್ಲಿ ಇಲ್ಲದಿದ್ದರೆ ತಾಲೂಕು ಆಸ್ಪತ್ರೆಗೆ, ಇಲ್ಲವೇ ಮಂಗಳೂರಿನ ವೆನ್ಲಾಕ್‌ನಂಥ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ಅದೇ ದಿನ ಹೋಗಿ.

ಹೊಕ್ಕಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಹಳೇ ಜನರಲ್ಲಿ ಈಗಲೂ ಉಂಟು. ಆ ಮದ್ದು ನಮ್ಮ ದೇಶದಲ್ಲಿ ನಿಂತು 20 ವರ್ಷ ದಾಟಿತು. ಈಗ ತೋಳಿಗೆ, ಸಣ್ಣ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಕೊಡುವ ಲಸಿಕೆ: ಮೊದಲ ದಿನ, ಮತ್ತೆ ಅಲ್ಲಿಂದ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಇದರ ಜೊತೆ 14ನೇ ದಿನವೂ ಒಂದು, ಒಟ್ಟು ಐದು. ಗಾಯ ಒಣಗಿತು, ನಾಯಿ ಸತ್ತಿಲ್ಲ, ಮಗುವಿಗೆ ಪರೀಕ್ಷೆ ಇದೆ ಎಂದು ಎರಡಕ್ಕೆ ನಿಲ್ಲಿಸುವುದು ದೊಡ್ಡ ತಪ್ಪು. ಪಳ್ಳಿಯ ಕ್ಯಾಲೆಂಡರ್ ಎಲ್ಲರ ಮನೆಯ ಗೋಡೆಯಲ್ಲೂ ಇದೆಯಲ್ಲ, ಅದರಲ್ಲಿ ಆ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಡಿ.

ಸಾಕಿದ ನಾಯಿ, ಅದಕ್ಕೆ ಇಂಜೆಕ್ಷನ್ ಆಗಿದೆ ಎಂದು ಪಕ್ಕದ ಮನೆಯವರು ಹೇಳಿದರೂ ಡಾಕ್ಟರರಿಗೆ ತೋರಿಸಿಯೇ ತೋರಿಸಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ ಎನ್ನುತ್ತಾರೆ. ಹತ್ತು ದಿನ ಕಾದು ನೋಡಿ ಮತ್ತೆ ಇಂಜೆಕ್ಷನ್ ಶುರು ಮಾಡಿ ಎಂದು ಅದರ ಅರ್ಥವಲ್ಲ. ಇಂಜೆಕ್ಷನ್ ಮೊದಲ ದಿನವೇ ಶುರು, ನಾಯಿಯನ್ನು ಗಮನಿಸುವುದು ಅದರ ಜೊತೆಗೆ. ಇನ್ನೊಂದು ಮಾತು. ಎರಡು ವಾರದ ಹಿಂದೆ, ತಿಂಗಳ ಹಿಂದೆ ಕಚ್ಚಿದ್ದು, ಏನೂ ಮಾಡಿಲ್ಲ ಎಂದಾದರೆ "ಇನ್ನು ಎಂತ" ಎಂದು ಕೂರಬೇಡಿ. ಇವತ್ತೇ ಹೋಗಿ. ಲಕ್ಷಣ ಶುರುವಾಗುವವರೆಗೆ ಸಮಯ ಇದೆ.

ಗರ್ಭಿಣಿಯರು, ಹಾಲುಣಿಸುವ ಉಮ್ಮಂದಿರು ಸಹ ಈ ಲಸಿಕೆ ತೆಗೆದುಕೊಳ್ಳಬಹುದು. ಮೀನು, ಮಾಂಸ, ಮೊಟ್ಟೆ ಬಿಡಬೇಕು ಎಂಬ ಪಥ್ಯ ಏನೂ ಇಲ್ಲ. ರಮಳಾನಿನಲ್ಲಿ ಉಪವಾಸ ಮುರಿಯುತ್ತದೆ ಎಂದು ಇಂಜೆಕ್ಷನನ್ನು ಪೆರ್ನಾಳ್ ಕಳೆಯುವವರೆಗೆ ಮುಂದೂಡುವವರಿದ್ದಾರೆ. ಚರ್ಮಕ್ಕೆ, ಸ್ನಾಯುವಿಗೆ ಕೊಡುವ ಇಂಜೆಕ್ಷನಿನಿಂದ ಉಪವಾಸ ಮುರಿಯುವುದಿಲ್ಲ ಎಂದು ನಮ್ಮ ಉಲಮಾಗಳು ಹೇಳಿದ್ದಾರೆ. ಸಂಶಯ ಇದ್ದರೆ ನಿಮ್ಮ ಖತೀಬರಿಗೆ ಫೋನ್ ಮಾಡಿ ಕೇಳಿ, ಆದರೆ ದಿನ ತಪ್ಪಿಸಬೇಡಿ.

ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಉಮ್ಮ ಮತ್ತು ಮಕ್ಕಳು ಮಾತ್ರ. ಇಂತಹ ಮನೆ ನಮ್ಮಲ್ಲಿ ಎಷ್ಟೋ. ಅವರು ಫೋನ್ ತೆಗೆಯಲಿ, ರಾತ್ರಿ ಡ್ಯೂಟಿ ಬಿಟ್ಟ ಮೇಲೆ ಕೇಳುವಾ ಎಂದು ಕಾಯುವುದು ಬೇಡ. ಪಕ್ಕದ ಮನೆಯವರು ಯಾರಾದರೂ ಆಗಲಿ, ಹಿಂದೂಗಳಾಗಲಿ, ಕ್ರೈಸ್ತರಾಗಲಿ, ಅವರನ್ನು ಕರೆದು ಒಂದು ರಿಕ್ಷಾ ಹಿಡಿದು ಹೊರಡಿ. ದಾರಿಯಲ್ಲಿ ಫೋನ್ ಮಾಡಿದರಾಯಿತು.

ಬೆಕ್ಕಿನ ವಿಷಯ

ನಾಯಿಯನ್ನು ನಾವು ದೂರ ಇಡುತ್ತೇವೆ, ಬೆಕ್ಕನ್ನು ಮಡಿಲಲ್ಲಿ ಕೂರಿಸುತ್ತೇವೆ. ಬೆಕ್ಕು ನಜಸ್ ಅಲ್ಲ, ಮನೆಯೊಳಗೆ ನಮ್ಮ ನಡುವೆ ಓಡಾಡುವ ಜೀವಿ ಎಂದು ಹದೀಸಿನಿಂದ ಕಲಿತವರು ನಾವು. ಆದರೆ ನಜಸ್ ಅಲ್ಲ ಎಂಬುದು ಬೇರೆ, ರೋಗ ಇಲ್ಲ ಎಂಬುದು ಬೇರೆ. ಹುಚ್ಚುನಾಯಿ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೂ ರೇಬಿಸ್ ಬರುತ್ತದೆ, ಅದರಿಂದ ಮನುಷ್ಯರಿಗೆ ಬರುತ್ತದೆ. ನಾಯಿ ಕಚ್ಚಿದರೆ ಓಡಿ ಬರುವ ಮನೆಯವರೇ ಬೆಕ್ಕು ಪರಚಿದರೆ "ಅದು ನಮ್ಮ ಮನೆ ಬೆಕ್ಕಲ್ಲವಾ" ಎಂದು ಬಿಟ್ಟುಬಿಡುತ್ತಾರೆ. ರಾತ್ರಿ ಹೊರಗೆ ತಿರುಗಿ ಬರುವ ಬೆಕ್ಕು ಎಲ್ಲಿ ಯಾವುದರ ಜೊತೆ ಜಗಳ ಮಾಡಿತೋ ಯಾರಿಗೆ ಗೊತ್ತು? ಅದಕ್ಕೂ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ. ಅದು ಕಚ್ಚಿದರೆ, ಪರಚಿದರೆ ನಾಯಿಗೆ ಮಾಡಿದಷ್ಟೇ ಮಾಡಿ.

ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಹೊರಗೆ ಸಣ್ಣ ತೂತು, ಒಳಗೆ ಆಳ. ರೇಬಿಸ್ ಇಲ್ಲದಿದ್ದರೂ ಬೇರೆ ಸೋಂಕು ಬೇಗ ಆಗುತ್ತದೆ. ಗಾಯದ ಸುತ್ತ ಕೆಂಪು ಹರಡುವುದು, ಬಾವು, ಬಿಸಿ, ಕೀವು, ಜ್ವರ, ಬೆರಳು ಮಡಚಲು ಆಗದಷ್ಟು ನೋವು ಕಂಡರೆ ತಡ ಮಾಡಬಾರದು. ಶುಗರ್ ಇರುವವರು ಇನ್ನೂ ಜಾಗ್ರತೆ. ಟಿ.ಟಿ. ಇಂಜೆಕ್ಷನ್ ತೆಗೆದು ಎಷ್ಟು ವರ್ಷವಾಯಿತು ಎಂದು ಡಾಕ್ಟರರಿಗೆ ಹೇಳಿ. ಆದರೆ ಟಿ.ಟಿ. ಇಂಜೆಕ್ಷನ್ ಧನುರ್ವಾಯುವಿಗೆ, ರೇಬಿಸ್‌ಗೆ ಅಲ್ಲ. "ಇಂಜೆಕ್ಷನ್ ಆಗಿದೆ" ಎನ್ನುವವರಲ್ಲಿ ಕೆಲವರಿಗೆ ಆದದ್ದು ಟಿ.ಟಿ. ಮಾತ್ರ.

ದನ, ಆಡು ಸಾಕುವವರಿಗೂ ಒಂದು ಮಾತು. ದನ ಮೇವು ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುತ್ತಾರೆ. ಅದು ರೇಬಿಸ್ ಸಹ ಆಗಿರಬಹುದು. ಪಶು ವೈದ್ಯರನ್ನು ಕರೆಯಿರಿ, ಬರೀ ಕೈ ಹಾಕಬೇಡಿ.

ಹಾವು ಕಚ್ಚಿದರೆ ಬೇರೆ ಕ್ರಮ

ನಾಯಿ ಗಾಯಕ್ಕೆ ಚೆನ್ನಾಗಿ ತೊಳೆಯಿರಿ ಎಂದೆವು. ಹಾವಿನ ಗಾಯವನ್ನು ಹಾಗೆ ತಿಕ್ಕಿ ತೊಳೆಯಬಾರದು, ಮುಟ್ಟದೆ ಬಿಡಬೇಕು. ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ಮೇಲೆ ಹಗ್ಗ ಬಿಗಿದು ಕಟ್ಟುವುದು ಯಾವುದೂ ಬೇಡ. ಹಗ್ಗ ಬಿಗಿದರೆ ರಕ್ತ ನಿಂತು ಕೈಕಾಲೇ ಹೋಗಬಹುದು. ಕಚ್ಚಿಸಿಕೊಂಡವರನ್ನು ಮಲಗಿಸಿ, ಧೈರ್ಯ ಹೇಳಿ, ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಬಾವು ಬಂದರೆ ಮತ್ತೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಕೈ ಅಥವಾ ಕಾಲಿಗೆ ಕೋಲು, ಹಲಗೆ ಇಟ್ಟು ಅಲುಗಾಡದ ಹಾಗೆ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ಅದು ತಡವಾಗುವುದಾದರೆ ಸಿಕ್ಕಿದ ಗಾಡಿಯಲ್ಲಿ ಹೊರಡಿ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ.

ಕಟ್ಟುಹಾವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ರಾತ್ರಿ ನೆಲದಲ್ಲಿ ಮಲಗಿದವರಿಗೆ ಅದು ಕಚ್ಚಿದರೆ ನೋವು ಸಹ ಗೊತ್ತಾಗದೆ ಹೋಗಬಹುದು, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗ್ಗಿನ ಹೊತ್ತಿಗೆ ಹೊಟ್ಟೆನೋವು, ವಾಂತಿ, ರೆಪ್ಪೆ ಮೇಲೆತ್ತಲು ಆಗದಿರುವುದು, ಮಾತು ತೊದಲುವುದು, ನುಂಗಲು ಕಷ್ಟ. ಗ್ಯಾಸ್ ಎಂದು ಮನೆಮದ್ದು ಕೊಡುತ್ತಾ ಕೂತರೆ ಉಸಿರೇ ನಿಲ್ಲಬಹುದು. ಕೊಳಕುಮಂಡಲ ಕಚ್ಚಿದರೆ ಬಾವು, ನೋವು, ವಸಡಿನಿಂದ ರಕ್ತ, ಮೂತ್ರ ಕಡಿಮೆಯಾಗುವುದು ಕಾಣುತ್ತದೆ. ಅಡಿಕೆ ತೋಟ, ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆ ರಾಶಿ ಇರುವ ಮನೆಗಳಲ್ಲಿ ಸುಬ್ಹಿ ನಮಾಝಿಗೆ ಪಳ್ಳಿಗೆ ಹೊರಡುವವರ ಕೈಯಲ್ಲಿ ಟಾರ್ಚ್, ಕಾಲಲ್ಲಿ ಚಪ್ಪಲಿ ಇರಲಿ.

ನೂಲು, ಓದಿದ ನೀರು

ಇನ್ನು ನಮ್ಮ ಕೆಲಸದ ವಿಷಯ. ವಿಷಜಂತು ಕಚ್ಚಿದ ಒಬ್ಬರಿಗೆ ಸ್ವಹಾಬಿಯೊಬ್ಬರು ಫಾತಿಹಾ ಓದಿ ಶಿಫಾ ಆದ ಘಟನೆ ಹದೀಸಿನಲ್ಲಿದೆ. ಓದುವುದನ್ನು ನಾವು ನಿರಾಕರಿಸುವುದಿಲ್ಲ, ನಿರಾಕರಿಸುವ ಹಕ್ಕು ನಮಗಿಲ್ಲ. ಆದರೆ ಮದ್ದು ಮಾಡಬೇಡಿ ಎಂದು ಆ ಹದೀಸ್ ಎಲ್ಲೂ ಹೇಳುವುದಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಕಲಿಸಿದವರು ಪ್ರವಾದಿಯವರೇ. ಒಂಟೆಯನ್ನು ಕಟ್ಟಿ ಮತ್ತೆ ತವಕ್ಕುಲ್ ಮಾಡಬೇಕೆಂಬ ಪಾಠವನ್ನು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಲಸಿಕೆ ಒಂಟೆಗೆ ಹಾಕುವ ಹಗ್ಗದ ಹಾಗೆ.

"ನೂಲು ಕಟ್ಟಿದ್ದರಿಂದಲೇ ಇಂತಿಂಥವರಿಗೆ ಏನೂ ಆಗಲಿಲ್ಲ" ಎನ್ನುವವರು ಒಂದು ವಿಷಯ ಯೋಚನೆ ಮಾಡಬೇಕು. ಕಚ್ಚುವ ಎಲ್ಲ ನಾಯಿಗೂ ರೇಬಿಸ್ ಇರುವುದಿಲ್ಲ. ನಮ್ಮಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷ ಇಲ್ಲದವು. ವಿಷದ ಹಾವು ಸಹ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ನೂಲು ಕಟ್ಟದಿದ್ದರೂ ಉಳಿಯುತ್ತಿದ್ದರು. ಆದರೆ ಯಾವ ನಾಯಿಗೆ ರೋಗ ಇತ್ತು ಎಂದು ಕಚ್ಚಿದ ದಿನ ಯಾರಿಗೂ ಹೇಳಲು ಬರುವುದಿಲ್ಲ. ಹತ್ತು ಮನೆಯವರು ಉಳಿದರು ಎಂದು ಹನ್ನೊಂದನೇ ಮನೆಯ ಮಗುವನ್ನು ಪಣಕ್ಕೆ ಇಡಬಹುದಾ?

ಆದ್ದರಿಂದ ಉಸ್ತಾದರುಗಳು, ತಂಙಳ್‌ಗಳು, ಓದಿ ಊದುವ ಎಲ್ಲರೂ ಒಂದು ಕ್ರಮ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಕಚ್ಚಿದ ಗಾಯ ಹಿಡಿದುಕೊಂಡು ಬಂದರೆ ಮೊದಲ ಪ್ರಶ್ನೆ "ಸೋಪು ಹಾಕಿ ತೊಳೆದಿರಾ?", ಎರಡನೆಯದು "ಇಂಜೆಕ್ಷನ್ ಚೀಟಿ ಎಲ್ಲಿ?". ಚೀಟಿ ಇಲ್ಲದೆ ನೂಲಿಲ್ಲ. ಹಾವಿನ ವಿಷಯದಲ್ಲಿ ಪ್ರಶ್ನೆ ಸಹ ಬೇಡ, ಗಾಡಿ ಹತ್ತಿಸಿ. ದುಆ ಗಾಡಿಯಲ್ಲಿ ಕೂತು ಸಹ ಮಾಡಬಹುದು. ನಮ್ಮ ಬಾಯಿಂದ ಈ ಮಾತು ಬಂದರೆ ಜನ ಕೇಳುತ್ತಾರೆ. ನಾವು ಸುಮ್ಮನೆ ನೂಲು ಕೊಟ್ಟು ಕಳಿಸಿದರೆ "ಉಸ್ತಾದರೇ ಕೊಟ್ಟಿದ್ದಾರಲ್ಲ" ಎಂದು ಆಸ್ಪತ್ರೆಗೆ ಹೋಗುವವರೂ ಹೋಗುವುದಿಲ್ಲ.

ಜಮಾಅತ್ ಏನು ಮಾಡಬಹುದು

ನಾಯಿಗಳು ಎಲ್ಲಿ ತಿನ್ನಲು ಸಿಗುತ್ತದೋ ಅಲ್ಲಿ ಸೇರುತ್ತವೆ. ಕೋಳಿ ಅಂಗಡಿ, ಮೀನು, ಮಾಂಸದ ವ್ಯಾಪಾರದಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಹೆಚ್ಚಿನವರು ಮರ್ಯಾದೆಯಿಂದ ವ್ಯಾಪಾರ ಮಾಡುವವರು. ಆದರೆ ರಾತ್ರಿ ಗೋಣಿಯಲ್ಲಿ ಕಟ್ಟಿ ತೋಡಿನ ಬದಿಗೆ, ರಸ್ತೆ ತಿರುವಿಗೆ ಎಸೆದು ಹೋಗುವವರೂ ಇದ್ದಾರೆ. ಆ ಗೋಣಿಗೆ ಸೇರಿದ ನಾಯಿಗಳು ಬೆಳಗ್ಗೆ ಅಟ್ಟಿಸಿಕೊಂಡು ಬರುವುದು ನಮ್ಮದೇ ಮಕ್ಕಳನ್ನು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನಿನ ಭಾಗ ಎಂದು ಕಲಿಸುವ ನಾವು ದಾರಿಗೆ ತೊಂದರೆಯನ್ನು ತಂದು ಹಾಕಬಾರದಲ್ಲ. ಬಕ್ರೀದ್ ಸಮಯದಲ್ಲಿ ಉಳುಹಿಯ್ಯತ್ತಿನ ಅವಶೇಷಕ್ಕೆ ಆಳವಾದ ಗುಂಡಿ ತೋಡುವುದನ್ನು ಕಮಿಟಿಯವರೇ ಮುಂದೆ ನಿಂತು ನೋಡಿಕೊಳ್ಳಬೇಕು.

ನಾಯಿಗಳಿಗೆ ವಿಷ ಇಟ್ಟು ಕೊಲ್ಲಬೇಕು ಎನ್ನುವವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಕಾನೂನು ಬಿಡುವುದಿಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ಟವರ ಪಾಪ ಕ್ಷಮಿಸಲ್ಪಟ್ಟ ಕಥೆ ಹೇಳುವ ನಮ್ಮ ಬಾಯಿಗೂ ಆ ಮಾತು ಸೇರುವುದಿಲ್ಲ. ಪ್ರಯೋಜನವೂ ಇಲ್ಲ; ತಿನ್ನಲು ಸಿಗುವವರೆಗೆ ಹತ್ತು ನಾಯಿ ಹೋದಲ್ಲಿಗೆ ಬೇರೆ ಹತ್ತು ಬರುತ್ತವೆ. ಒಂದು ಊರಿನ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಹಾಕಿದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿದ ವಿಷಯ. ನಮ್ಮ ಮೇಲಿನ ಗೋವಾದಲ್ಲಿ ವರ್ಷ ವರ್ಷ ನಾಯಿಗಳಿಗೆ ಲಸಿಕೆ ಹಾಕಿ, 2021ರಲ್ಲಿ ಅದು ರೇಬಿಸ್ ನಿಯಂತ್ರಿತ ರಾಜ್ಯ ಎನಿಸಿಕೊಂಡಿತು. ಅವರಿಗೆ ಆಗುವುದು ನಮ್ಮ ಜಿಲ್ಲೆಗೆ ಯಾಕೆ ಆಗುವುದಿಲ್ಲ? 2023ರ ನಿಯಮದ ಪ್ರಕಾರ ನಾಯಿಗಳಿಗೆ ಸಂತಾನಹರಣ, ಲಸಿಕೆ ಮಾಡಿಸುವ ಹೊಣೆ ಪಂಚಾಯತ್, ಪುರಸಭೆ, ಪಾಲಿಕೆಗಳದ್ದು. ಗ್ರಾಮಸಭೆಗೆ ಹೋಗಿ ಇದನ್ನು ಬರೆದು ಕೇಳಬೇಕು. ನಮ್ಮ ವಾರ್ಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ, ಇಮ್ಯುನೋಗ್ಲೋಬ್ಯುಲಿನ್, ಹಾವಿನ ಪ್ರತಿವಿಷ ಇದೆಯಾ ಎಂದು ಕಚ್ಚುವ ಮೊದಲೇ ವಿಚಾರಿಸಿ ಇಡಬೇಕು. ಮನುಷ್ಯರ ರೇಬಿಸನ್ನು 2022ರಲ್ಲಿ, ಹಾವು ಕಡಿತವನ್ನು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ನಮ್ಮ ಸರಕಾರ ಸೇರಿಸಿದೆ. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಮುಗಿಸಿದ ಪ್ರಕರಣ ಲೆಕ್ಕಕ್ಕೇ ಬರುವುದಿಲ್ಲ, ಲೆಕ್ಕಕ್ಕೆ ಬಾರದ ಊರಿಗೆ ಮದ್ದು ಸಹ ಕಡಿಮೆಯೇ ಬರುತ್ತದೆ.

ಮದ್ರಸದ ಮಟ್ಟದಲ್ಲಿ ಆಗುವ ಕೆಲಸಕ್ಕೆ ದುಡ್ಡು ಬೇಡ. ವುಳೂ ಮಾಡುವಲ್ಲಿ ಒಂದು ಸೋಪು ಯಾವಾಗಲೂ ಇರಲಿ. ನಾಯಿ ಬಂದರೆ ಓಡದೆ, ಅದರ ಕಣ್ಣಿಗೆ ಕಣ್ಣು ಕೊಡದೆ, ಕೈ ಮೈಗೆ ಒತ್ತಿಕೊಂಡು ಮರದ ಹಾಗೆ ನಿಲ್ಲಲು, ಬಿದ್ದರೆ ಮುದುಡಿಕೊಂಡು ಮುಖ ಮತ್ತು ಕುತ್ತಿಗೆಯನ್ನು ಕೈಯಿಂದ ಮುಚ್ಚಲು ಮಕ್ಕಳಿಗೆ ಕಲಿಸುವಾ. ಸಣ್ಣ ಮಕ್ಕಳನ್ನು ದೊಡ್ಡ ಕ್ಲಾಸಿನವರ ಜೊತೆ ಗುಂಪಾಗಿ ಕಳಿಸುವ ವ್ಯವಸ್ಥೆಯನ್ನು ಆಯಾ ಕಡೆಯ ಮನೆಯವರು ಮಾಡಿಕೊಳ್ಳಲಿ. ಏಳು ಸಲ ತೊಳೆಯುವ ಮಸ್‌ಅಲ ಪಾಠ ಬಂದ ದಿನ, ಕಚ್ಚಿದ ಗಾಯಕ್ಕೆ ಸೋಪು ಹಾಕಿ ಹದಿನೈದು ನಿಮಿಷ ಎಂಬುದನ್ನೂ ಅದೇ ಪಾಠದಲ್ಲಿ ಹೇಳಿಕೊಡಲು ಉಸ್ತಾದರುಗಳಿಗೆ ಐದು ನಿಮಿಷ ಸಾಕು. ಪ್ರತಿ ವರ್ಷ ಸೆಪ್ಟಂಬರ್ 28 ವಿಶ್ವ ರೇಬಿಸ್ ದಿನ. ಅದರ ಹತ್ತಿರದ ಜುಮಾದಲ್ಲಿ ಖತೀಬರು ಈ ವಿಷಯ ತೆಗೆದುಕೊಂಡರೆ ಇಡೀ ಮಹಲ್ಲಿಗೆ ಒಂದೇ ದಿನ ತಲುಪುತ್ತದೆ. ಹೆಂಗಸರಿಗೆ ಮನೆಯ ಗಂಡಸರು ಹೋಗಿ ಹೇಳಲಿ.

ಕೊನೆಗೆ ಒಂದು ವಿನಂತಿ. ಈ ಪುಟ ಓದಿ ಮುಗಿಸಿದ ಮೇಲೆ ನಿಮ್ಮ ಮಕ್ಕಳನ್ನು ಹತ್ತಿರ ಕರೆದು, "ಕಳೆದ ಎರಡು ಮೂರು ತಿಂಗಳಲ್ಲಿ ನಾಯಿ, ಬೆಕ್ಕು ಎಲ್ಲಾದರೂ ಕಚ್ಚಿದ್ದು, ಪರಚಿದ್ದು ಉಂಟಾ?" ಎಂದು ಮೆಲ್ಲ ಕೇಳಿ. ಉಂಟು ಎಂದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.